ಬಸವಣ್ಣನ ಪಾದದಿಂದ ಸಂಗಮದವರೆಗೆ: ನಮ್ಮ ಮೋರಿಯ ಬೆನ್ನು ಹಿಡಿದು ಐದು ದಿನ

ನಾನು ಹುಟ್ಟಿ ಬೆಳೆದ ಮನೆ ಬಾಪೂಜಿನಗರದಲ್ಲಿ, ರಾಜಕಾಲುವೆಯ ತಡೆಗೋಡೆಗೆ ಮೂರು ಮನೆ ಈಚೆ. ಯಾರಾದರೂ ವಿಳಾಸ ಕೇಳಿದರೆ 'ಮೋರಿ ಪಕ್ಕದ ಕ್ರಾಸು' ಅನ್ನುತ್ತಿದ್ದೆವು. ಅಮ್ಮ ಗುರುವಾರ ಸಂಜೆ ಹುಣಸೆಹಣ್ಣು ಹಾಕಿ ಉಜ್ಜಿಟ್ಟ ಹಿತ್ತಾಳೆ ದೀಪಗಳು ಭಾನುವಾರದ ಹೊತ್ತಿಗೆ ಮತ್ತೆ ಕಪ್ಪಗಾಗಿರುತ್ತಿದ್ದವು. ನನ್ನ ಬೆಳ್ಳಿ ಗೆಜ್ಜೆಯೂ ಹಾಗೇ. ಕೊಳಚೆಗೆ ಗಾಳಿ ಸಿಗದೆ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಅದು ಬೆಳ್ಳಿ, ತಾಮ್ರ, ಹಿತ್ತಾಳೆಯನ್ನು ಕಪ್ಪಾಗಿಸುತ್ತದೆ ಎಂದು ಪಿಯುಸಿಯಲ್ಲಿ ಓದಿದ ದಿನ ಮನೆಗೆ ಓಡಿಬಂದು ಅಮ್ಮನಿಗೆ ಹೇಳಿದ್ದೆ. ಅಮ್ಮ "ಹೌದಾ" ಅಂದು ಉಜ್ಜುತ್ತಲೇ ಇದ್ದಳು.

ಕೆಂಗೇರಿಯಲ್ಲಿರುವ ಚಿಕ್ಕಪ್ಪ ಮಾತ್ರ ಅದನ್ನು ಒಂದು ದಿನವೂ ಮೋರಿ ಅಂದವರಲ್ಲ. "ಹೊಳೆ ದಾಟ್ಕೊಂಡು ಬಂದೆ ಕಣಮ್ಮ" ಅಂತಲೇ ಒಳಗೆ ಬರುತ್ತಿದ್ದರು. ಚಿಕ್ಕವಳಿದ್ದಾಗ ಅವರು ಬೇರೆ ಯಾವುದೋ ಹೊಳೆಯ ಮಾತಾಡುತ್ತಿದ್ದಾರೆ ಅಂದುಕೊಂಡಿದ್ದೆ. ಎಂಟು ಹತ್ತು ಕಿಲೋಮೀಟರು ಆಚೆ ಅದೇ ನೀರಿಗೆ ಹೊಳೆ ಎಂಬ ಹೆಸರಿದೆ, ಅದಕ್ಕೊಂದು ಪೂರ್ತಿ ಹೆಸರೂ ಇದೆ, ವೃಷಭಾವತಿ, ಎಂದು ತಿಳಿಯುವ ಹೊತ್ತಿಗೆ ನನಗೆ ಹದಿನೈದು ವರ್ಷ ದಾಟಿತ್ತು. ಈ ಸಲ ಐದು ದಿನ ರಜೆ ಸಿಕ್ಕಾಗ ಅವಳನ್ನು ಹುಟ್ಟಿನಿಂದ ಕೊನೆಯವರೆಗೆ ನೋಡಿಯೇ ಬರಬೇಕು ಅನ್ನಿಸಿತು.

ಮೊದಲನೆಯ ದಿನ: ಬಸವನಗುಡಿ, ಮಲ್ಲೇಶ್ವರ

ಕಾರ್ತಿಕದ ಕೊನೆಯ ಸೋಮವಾರದ ಪರಿಷೆ ಮುಗಿದು ಕೆಲವು ದಿನವಾಗಿತ್ತು. ಬುಲ್ ಟೆಂಪಲ್ ರಸ್ತೆಯ ಅಂಚಿನಲ್ಲಿ ಕಡಲೆಕಾಯಿ ಸಿಪ್ಪೆ ಇನ್ನೂ ಕಾಲಿಗೆ ಸಿಗುತ್ತಿತ್ತು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರ ಕಡಲೆಕಾಯಿ ಹೊಲಕ್ಕೆ ರಾತ್ರಿ ಬಸವ ನುಗ್ಗಿ ಮೇಯುತ್ತಿದ್ದ ಕಥೆ ಬೆಂಗಳೂರಿನವರಿಗೆಲ್ಲ ಗೊತ್ತು. ಆ ಕಥೆಯಲ್ಲಿ ನನಗೆ ಈಗ ಎದ್ದು ಕಾಣುವುದು ಹೊಲ. ಇಲ್ಲೆಲ್ಲ ಮಳೆಯನ್ನು ಕುಡಿಯುವ ಮಣ್ಣಿತ್ತು.

ದೊಡ್ಡ ಬಸವಣ್ಣ ಹದಿನೈದು ಅಡಿ ಎತ್ತರದ ಏಕಶಿಲೆ. ಅವನ ಪಾದದಡಿಯಿಂದ ವೃಷಭಾವತಿ ಹುಟ್ಟುತ್ತಾಳೆ ಎಂಬುದು ಊರಿನ ನಂಬಿಕೆ. ಹೆಸರು ಬಂದದ್ದೂ ಅದರಿಂದಲೇ. ನಾನು ಬಗ್ಗಿ ನೋಡಿದೆ. ಎಣ್ಣೆ, ಹೂವು, ಒಣಗಿದ ಕಲ್ಲು. ಪ್ರದಕ್ಷಿಣೆ ಹಾಕುತ್ತಿದ್ದ ಅಜ್ಜಿಯೊಬ್ಬರು "ಏನಾದ್ರೂ ಬೀಳ್ಸಿಕೊಂಡ್ರಾ?" ಅಂದರು. ನೀರು ಹುಡುಕುತ್ತಿದ್ದೇನೆ ಅಂದೆ. "ನೀರಾ? ಅದು ಒಳಗೇ ಹರೀತದೆ" ಅಂದು ಕೈಮುಗಿದು ಮುಂದೆ ಹೋದರು.

ಅಜ್ಜಿಯ ಮಾತಿನಲ್ಲಿ ಹುರುಳಿದೆ. ಪಕ್ಕದ ಕಹಳೆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಇಂಥ ಗುಡ್ಡಗಳ ಬಿರುಕಿನಲ್ಲಿ ಇಳಿದ ಮಳೆನೀರು ತಗ್ಗಿನಲ್ಲಿ ಒರತೆಯಾಗಿ ಏಳುತ್ತದೆ. ಬೆಂಗಳೂರು ಕೂತಿರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, ಒಂದು ದಿಣ್ಣೆಯ ನೆತ್ತಿಯಲ್ಲಿ. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ, ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿಯ ಮೂಲಕ ಕಾವೇರಿಗೆ. ನೆತ್ತಿಯ ಮೇಲಿನ ಊರಿಗೆ ದೊಡ್ಡ ನದಿ ಎಲ್ಲಿಂದ ಬರಬೇಕು? ಇಲ್ಲಿ ನದಿಗಳು ಹುಟ್ಟುತ್ತವೆ, ಅಷ್ಟೆ. ಹುಟ್ಟುವ ನದಿ ಸಣ್ಣದಿರುತ್ತದೆ, ಮಳೆಗಾಲ ಮುಗಿದ ಮೇಲೆ ಎಳೆಯಾಗುತ್ತದೆ. ಆ ಎಳೆಯನ್ನು ಹಿಡಿದಿಡಲೆಂದೇ ಕೆಂಪೇಗೌಡರ ಕಾಲದಿಂದ ಏರಿ ಕಟ್ಟಿ, ತೂಬಿಟ್ಟು, ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಹೋಗುವಂತೆ ಕಾಲುವೆ ತೆಗೆದರು. ರಾಜಕಾಲುವೆ ಎಂಬ ಮಾತು ಹುಟ್ಟಿದ್ದು ಕೊಳಚೆಗಾಗಿ ಅಲ್ಲ. ಕೆರೆಯಿಂದ ಕೆರೆಗೆ ನೀರು ಒಯ್ಯುವ ದೊಡ್ಡ ಕಾಲುವೆಗೆ ಆ ಹೆಸರು.

ಅಲ್ಲಿಂದ ಗವಿಪುರದ ಕಡೆ ಇಳಿದರೆ ಕೆಂಪಾಂಬುಧಿ ಕೆರೆ. ಬದಿಯಲ್ಲಿ ಕೆಂಪೇಗೌಡರ ಕಾಲದ ಗೋಪುರ ನಿಂತಿದೆ. ಹೆಸರಿಗೆ ಕಾವಲು ಗೋಪುರ, ಆದರೆ ಅದು ಕಾದುಕೊಂಡಿರುವುದು ಈ ಇಳಿಜಾರನ್ನು ಅನ್ನಿಸಿತು. ಈ ಕೆರೆಯ ಕೋಡಿ ನೀರು ಇಳಿಯುವುದು ವೃಷಭಾವತಿಯ ಕಣಿವೆಗೆ.

ಮಧ್ಯಾಹ್ನ ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದೆ. ಮಲ್ಲೇಶ್ವರದವರನ್ನು ಕೇಳಿದರೆ ವೃಷಭಾವತಿ ಹುಟ್ಟುವುದು ಅವರಲ್ಲಿ, ಕಾಡುಮಲ್ಲೇಶ್ವರನ ಎದುರಿನ ನಂದಿ ತೀರ್ಥದಲ್ಲಿ. ಮಣ್ಣಿನಲ್ಲಿ ಹೂತುಹೋಗಿದ್ದ ಈ ಗುಡಿ ಮತ್ತೆ ಬೆಳಕಿಗೆ ಬಂದದ್ದು 1997ರಲ್ಲಿ. ನಂದಿಯ ಬಾಯಿಂದ ಬೀಳುವ ನೀರು ಲಿಂಗದ ಮೇಲೆ ಸುರಿದು ಕಲ್ಯಾಣಿಗೆ ಇಳಿಯುತ್ತದೆ. ಬೊಗಸೆ ಹಿಡಿದೆ. ತಣ್ಣಗಿತ್ತು, ತಿಳಿಯಾಗಿತ್ತು, ವಾಸನೆ ಇರಲಿಲ್ಲ. ಯಾವುದು ನಿಜವಾದ ಮೂಲ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ದಿಣ್ಣೆಯ ಮೈಯಲ್ಲಿ ಹಲವು ಕಡೆ ಹುಟ್ಟಿ ಕೆಳಗೆ ಒಂದಾದ ಹೊಳೆ ಇದು. ಅವಳ ನೀರನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಆವತ್ತು, ನಲವತ್ತಾರನೆಯ ವಯಸ್ಸಿನಲ್ಲಿ.

ಎರಡನೆಯ ದಿನ: ಮೆಜೆಸ್ಟಿಕ್‌ನಿಂದ ಗಾಳಿ ಆಂಜನೇಯನವರೆಗೆ

ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ. ಪಕ್ಕದ ಟ್ಯಾಂಕ್ ಬಂಡ್ ರಸ್ತೆಯ ಹೆಸರಿನಲ್ಲಿ ಆ ಕೆರೆಯ ಏರಿ ಉಳಿದುಕೊಂಡಿದೆ. ಪೇಟೆಗೆ ನೀರು ಕೊಡುತ್ತಿದ್ದ ಕೆರೆ ಅದು. 1896ರಲ್ಲಿ ಹೆಸರಘಟ್ಟದಿಂದ, ಎಂದರೆ ಅರ್ಕಾವತಿಯಿಂದ, ಕೊಳವೆಯಲ್ಲಿ ನೀರು ಬಂತು. ಎರಡು ವರ್ಷಕ್ಕೆ ಪ್ಲೇಗು ಬಂತು. ಜನ ಇಕ್ಕಟ್ಟಿನ ಪೇಟೆಯಿಂದ ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳಿಗೆ ಹೋದರು. ದೂರದ ನೀರು ಮನೆಬಾಗಿಲಿಗೆ ಬಂದ ಮೇಲೆ ಹತ್ತಿರದ ಕೆರೆಯ ಹೂಳು ಯಾರು ಎತ್ತುತ್ತಾರೆ? ಕೆರೆಯ ನೀರು ನೋಡಿಕೊಳ್ಳುತ್ತಿದ್ದ ನೀರುಗಂಟಿಯ ಕೆಲಸ ಹೋಯಿತು. ಕೆರೆಯ ಅಂಗಳ ಮೊದಲು ಮೈದಾನವಾಯಿತು, ಆಮೇಲೆ ಬಸ್ ನಿಲ್ದಾಣವಾಯಿತು. ವೃಷಭಾವತಿಯ ಕಥೆಯಲ್ಲಿ ನನಗೆ ಇದೇ ಮೊದಲ ತಿರುವು ಎಂದು ತೋರುತ್ತದೆ. ಕೊಳಚೆ ಬಂದದ್ದು ಆಮೇಲೆ. ಮೊದಲು ನಮಗೆ ಅವಳು ಬೇಡವಾದಳು.

ಮಾಗಡಿ ರಸ್ತೆಯ ಕಡೆ ನಡೆದೆ. ಇಲ್ಲಿ ಹೊಳೆ ಒಮ್ಮೆ ಕಟ್ಟಡಗಳ ಹಿಂದೆ, ಒಮ್ಮೆ ರಸ್ತೆಯ ಅಡಿ, ಒಮ್ಮೆ ಸ್ಲ್ಯಾಬಿನ ಕೆಳಗೆ. ಕಾಣಿಸುವುದು ಸೇತುವೆ ಬಂದಾಗ ಮಾತ್ರ, ಅಲ್ಲೂ ಕಸ ಎಸೆಯದಂತೆ ಕಟ್ಟಿದ ತಂತಿಬಲೆಯ ಆಚೆ. ಕಾಂಕ್ರೀಟಿನ ಎರಡು ಗೋಡೆ, ನಡುವೆ ಕಪ್ಪು ನೀರು, ಗೋಡೆಯ ಉದ್ದಕ್ಕೂ ಮನೆಗಳ ಪೈಪುಗಳು. ಹೀಗೆ ಮುಚ್ಚಿದ ಒಂದು ಸ್ಲ್ಯಾಬಿನ ಮೇಲೆ ಟೀ ಅಂಗಡಿ ಇತ್ತು. ಅರ್ಧ ಲೋಟ ಟೀ ತಗೊಂಡು, ಕೆಳಗೆ ಹೊಳೆ ಹರೀತಿದೆ ಗೊತ್ತಾ ಎಂದು ಅಂಗಡಿಯವರನ್ನು ಕೇಳಿದೆ.

"ಹೊಳೆ ಏನಿಲ್ಲ ಮೇಡಂ, ಮೋರಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ ಹೇಳಿದರು: "ಹಗಲೊತ್ತು ಗೊತ್ತಾಗಲ್ಲ. ರಾತ್ರಿ ಹನ್ನೊಂದರ ಮೇಲೆ ಗಾಡಿ ಕಮ್ಮಿ ಆದ್ಮೇಲೆ ಸದ್ದು ಕೇಳ್ಸತ್ತೆ. ಊರಲ್ಲಿ ಕಾಲುವೆ ಪಕ್ಕ ಮಲಗಿದಂಗೆ."

ಅವರ ಊರು ಮಂಡ್ಯದ ಕಡೆ.

ಹೊಳೆ ಚರಂಡಿಯಾದದ್ದು ಯಾರೋ ಒಬ್ಬರು ಒಂದು ದಿನ ಮಾಡಿದ ಕೆಲಸವಲ್ಲ. ಬೆಂಗಳೂರಿನಲ್ಲಿ ನೆಲದಡಿಯ ಒಳಚರಂಡಿ ಶುರುವಾದದ್ದು 1922ರಲ್ಲಿ. ಕೊಳಚೆಯನ್ನು ಪಂಪಿಲ್ಲದೆ ಸಾಗಿಸಬೇಕಾದರೆ ಇಳಿಜಾರು ಬೇಕು, ಇಳಿಜಾರು ಇರುವುದು ಕಣಿವೆಯಲ್ಲಿ, ಕಣಿವೆಯ ತಳದಲ್ಲಿ ಇರುವುದು ಹೊಳೆ. ಹೀಗಾಗಿ ದೊಡ್ಡ ದೊಡ್ಡ ಒಳಚರಂಡಿ ಕೊಳವೆಗಳು ಹೊಳೆಯ ಮಗ್ಗುಲಲ್ಲೇ ಬಂದವು. ಹತ್ತು ಮನೆಯ ಲೆಕ್ಕದ ಪೈಪಿಗೆ ನೂರು ಮನೆ ಸೇರಿದಾಗ ಮ್ಯಾನ್‌ಹೋಲ್ ಉಕ್ಕುತ್ತದೆ. ಉಕ್ಕಿದ್ದು ಬೀದಿಗೆ ಬರಬಾರದೆಂದು ಪಕ್ಕದ ಕಾಲುವೆಗೆ ದಾರಿ ಮಾಡಿಕೊಡುತ್ತಾರೆ. ಒಳಚರಂಡಿಯೇ ಬರದ ಬಡಾವಣೆಗಳು ನೇರವಾಗಿ ಕಾಲುವೆಗೆ ಪೈಪು ಇಡುತ್ತವೆ. ನಮ್ಮ ಕ್ರಾಸಿನಲ್ಲಿ ಹಾಗೇ ಇತ್ತು. ನಮ್ಮ ಬಚ್ಚಲಿನ ಪೈಪು ತಡೆಗೋಡೆಯಿಂದ ಒಂದು ಗೇಣು ಆಚೆ ಚಾಚಿಕೊಂಡಿತ್ತು. ಸ್ನಾನ ಮಾಡಿದ ನೀರು ಬೀಳುವುದನ್ನು ನಾನು, ನನ್ನ ತಮ್ಮ ಗೋಡೆಗೆ ಹತ್ತಿ ನೋಡುತ್ತಿದ್ದೆವು.

ಇನ್ನೊಂದನ್ನೂ ಬರೆಯಲೇಬೇಕು. ನನಗೆ ಎಂಟೋ ಒಂಬತ್ತೋ ವರ್ಷ. ಮ್ಯಾನ್‌ಹೋಲ್ ಕಟ್ಟಿಕೊಂಡು ಒಬ್ಬರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದರು, ಮೇಲೆ ಇಬ್ಬರು ಹಗ್ಗ ಹಿಡಿದಿದ್ದರು. ಅವರು ಹತ್ತಿ ಬಂದಾಗ ಕಣ್ಣು ಮಾತ್ರ ಕಾಣುತ್ತಿತ್ತು. ಅಮ್ಮ ಹಂಡೆಯಿಂದ ಬಿಸಿನೀರು ತೋಡಿ, ಸೋಪು ಕೊಟ್ಟು, ಕಾಫಿ ಮಾಡಿ ಕೊಟ್ಟಳು. ಆ ಲೋಟ ಮತ್ತೆ ಒಳಗೆ ಬರಲಿಲ್ಲ, ಹಿತ್ತಲ ಗೋಡೆಯ ಮೇಲೆ ಉಳಿಯಿತು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಕಾನೂನು ಬಂದದ್ದು 1993ರಲ್ಲಿ, ರಕ್ಷಣೆಯ ಸಲಕರಣೆಯಿಲ್ಲದೆ ಒಳಚರಂಡಿಗೆ ಜನರನ್ನು ಇಳಿಸಬಾರದು ಎಂದು ಸ್ಪಷ್ಟವಾಗಿ ಹೇಳಿದ ಕಾನೂನು 2013ರಲ್ಲಿ. ಅಮ್ಮ ಕೆಟ್ಟವಳಲ್ಲ. ಆದರೆ ಆ ಲೋಟ ನನಗೆ ಇವತ್ತಿಗೂ ಮರೆತಿಲ್ಲ. ನಮ್ಮ ಮನೆಯ ಹೊಲಸನ್ನು ಕಣ್ಣಿಗೆ ಕಾಣದ ಹಾಗೆ ಮಾಡಿದವರನ್ನೂ ಕಣ್ಣಿಗೆ ಕಾಣದ ಜಾಗದಲ್ಲಿ ಇಟ್ಟಿದ್ದೆವು.

ಮೈಸೂರು ರಸ್ತೆಯಲ್ಲಿ ಬ್ಯಾಟರಾಯನಪುರದ ಗಾಳಿ ಆಂಜನೇಯನ ಗುಡಿ ತಲುಪುವ ಹೊತ್ತಿಗೆ ಸಂಜೆ. ವ್ಯಾಸರಾಯರು ಪ್ರತಿಷ್ಠಾಪಿಸಿದ್ದೆಂದು ಪ್ರತೀತಿ. ವೃಷಭಾವತಿಗೆ ಪಶ್ಚಿಮವಾಹಿನಿ ಎಂಬ ಇನ್ನೊಂದು ಹೊಳೆ ಕೂಡುವ ಜಾಗ ಇದು, ಅದಕ್ಕೇ ಇಲ್ಲಿ ಗುಡಿ. ಪಶ್ಚಿಮವಾಹಿನಿ! ಇಂಥ ಚೆಂದದ ಹೆಸರಿನ ಹೊಳೆಯೊಂದು ನಮ್ಮ ಮನೆಯಿಂದ ಕೂಗಳತೆಯ ದೂರದಲ್ಲಿತ್ತು, ನನಗೆ ಯಾರೂ ಹೇಳಲಿಲ್ಲ. ಹೊಸ ಸ್ಕೂಟರಿಗೆ ಪೂಜೆ ಮಾಡಿಸಲು ಬಂದ ಹುಡುಗ ಚಕ್ರದಡಿ ನಿಂಬೆಹಣ್ಣು ಇಟ್ಟು ಮೂಗು ಮುಚ್ಚಿಕೊಂಡು ನಿಂತಿದ್ದ. ಜೋರು ಮಳೆ ಬಂದ ವರ್ಷ ರಾಜಕಾಲುವೆಯ ನೀರು ಈ ಗುಡಿಯ ಒಳಗೇ ನುಗ್ಗಿದ್ದುಂಟು. ಹೊಳೆಯ ದಡದಲ್ಲಿ ದೇವರನ್ನು ಇಟ್ಟವರಿಗೆ ಹೊಳೆ ಹತ್ತಿರ ಬರುವುದು ಶುಭವಾಗಿತ್ತು.

ಮೂರನೆಯ ದಿನ: ಕೆಂಗೇರಿ, ಚಿಕ್ಕಪ್ಪನ ಹೊಳೆ

ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿದೆ. 2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ ಬಂದ ಈ ನೇರಳೆ ಮಾರ್ಗ ಮೈಸೂರು ರಸ್ತೆಯ ಗುಂಟ ಹೊಳೆಯ ಸಂಗಾತಿಯಾಗಿ ಹೋಗುತ್ತದೆ. ಬೆಂಗಳೂರಿನಲ್ಲಿ ವೃಷಭಾವತಿಯನ್ನು ಉದ್ದಕ್ಕೆ ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎಡಬಲಕ್ಕೆ ಕಣ್ಣು ಹಾಯಿಸುತ್ತಾ ಕೂತೆ. ರಾಜರಾಜೇಶ್ವರಿ ನಗರ ದಾಟುತ್ತಿದ್ದಂತೆ ಕಣಿವೆ ಅಗಲವಾಗುತ್ತದೆ. ಹೊಳೆಗೆ ತಿರುವುಗಳು ಬರುತ್ತವೆ, ಬಂಡೆ ಬರುತ್ತದೆ, ದಡದಲ್ಲಿ ಹಸಿರು ಬರುತ್ತದೆ. ಪೆಟ್ಟಿಗೆಯಿಂದ ಹೊರಗೆ ಬಿಟ್ಟ ಪ್ರಾಣಿಯ ಹಾಗೆ ಅವಳು ಮೈ ಮುರಿದುಕೊಳ್ಳುತ್ತಾಳೆ. ನೀರಿನ ಬಣ್ಣ ಮಾತ್ರ ಬದಲಾಗುವುದಿಲ್ಲ.

ಇದೇ ದಾರಿಯಲ್ಲಿ ವೃಷಭಾವತಿ ಕಣಿವೆಯ ಕೊಳಚೆ ಶುದ್ಧೀಕರಣ ಘಟಕ ಇದೆ, ದಿನಕ್ಕೆ 18 ಕೋಟಿ ಲೀಟರು ಶುದ್ಧ ಮಾಡುವ ಸಾಮರ್ಥ್ಯದ್ದು. ಇಂಥ ಘಟಕದ ಕೆಲಸ ಸರಳವಾಗಿ ಹೇಳುವುದಾದರೆ ಹೀಗೆ: ಮೊದಲು ಕಸ ಕಡ್ಡಿ ಶೋಧಿಸುವುದು, ಮರಳು ತಳಕ್ಕೆ ಬಿಡುವುದು, ಆಮೇಲೆ ಗಾಳಿ ಊದಿ ಬ್ಯಾಕ್ಟೀರಿಯಾಗಳನ್ನು ಬೆಳೆಸುವುದು. ಅವು ಹೊಲಸನ್ನು ತಿಂದು ದಪ್ಪಗಾಗಿ ತಳ ಸೇರುತ್ತವೆ, ಮೇಲೆ ತಿಳಿನೀರು ಉಳಿಯುತ್ತದೆ. ಹೊಳೆ ತಾನಾಗಿ ಹತ್ತಾರು ಮೈಲಿ ಬಂಡೆಗೆ ಬಡಿದು ಗಾಳಿ ಕುಡಿದು ಮಾಡುವ ಕೆಲಸವನ್ನು ಯಂತ್ರ ಕೆಲವು ಗಂಟೆಗಳಲ್ಲಿ ಮಾಡುತ್ತದೆ. ಎದೆಗೆ ನಾಟುವ ಸಂಗತಿ ಏನೆಂದರೆ, ಹೀಗೆ ಶುದ್ಧವಾದ ನೀರು ಮತ್ತೆ ಹೋಗಿ ಬೀಳುವುದು ಶುದ್ಧವಾಗದ ನೀರು ಹರಿಯುತ್ತಿರುವ ಅದೇ ಹೊಳೆಗೆ.

ಚಿಕ್ಕಪ್ಪ ಕೆಂಗೇರಿ ನಿಲ್ದಾಣದ ಕೆಳಗೆ ಕಾಯುತ್ತಿದ್ದರು. ಎಪ್ಪತ್ನಾಲ್ಕು ವರ್ಷ, ಕೈಯಲ್ಲಿ ಛತ್ರಿ, ಹೆಗಲ ಮೇಲೆ ಟವೆಲು. ಮನೆಗೆ ಹೋಗಿ ಕಾಫಿ ಕುಡಿಯುವ ಮೊದಲೇ "ನಡಿ, ಬಿಸಿಲೇರೋ ಮುಂಚೆ ತೋರಿಸ್ಬಿಡ್ತೀನಿ" ಅಂದರು.

ದಡಕ್ಕೆ ಹೋಗುವ ದಾರಿಯಲ್ಲಿ ಕಟ್ಟಡದ ಮಣ್ಣು ಸುರಿದಿದ್ದರು. ಅದರ ಮೇಲೆ ಹತ್ತಿ ನಿಂತು ಚಿಕ್ಕಪ್ಪ ಛತ್ರಿಯಲ್ಲಿ ತೋರಿಸುತ್ತಾ ಹೋದರು.

"ಅಗೋ ಅಲ್ಲಿ ಆ ಬಂಡೆ ಐತಲ್ಲ, ಅದು ನಮ್ ಅಗಸರ ಬಂಡೆ. ಈ ಕಡೆ ಮಡು. ಅಲ್ಲಿಂದ ಧುಮುಕ್ತಿದ್ವಿ. ನಿಮ್ಮಪ್ಪಂಗೆ ಈಜು ಬರ್ತಿರ್ಲಿಲ್ಲ, ದಡದಲ್ಲಿ ಕೂತು ನಮ್ ಬಟ್ಟೆ ಕಾಯೋನು. ಬೇಸಿಗೇಲಿ ನೀರು ಕಮ್ಮಿ ಆದಾಗ ಮರಳಲ್ಲಿ ವರ್ತೆ ತೋಡೋದು. ಒಂದ್ ಮೊಳ ತೋಡಿದ್ರೆ ಸಾಕು, ನೀರು. ಮನೇಗೆ ಅದ್ನೇ ತಗೊಂಡ್ ಹೋಗೋರು ಹೆಂಗಸ್ರು."

"ಕುಡಿಯೋಕಾ, ಚಿಕ್ಕಪ್ಪ?"

"ಮತ್ತೆ? ಕುಡಿಯೋಕೇ."

ನನ್ನಪ್ಪ ಹೊಳೆಯ ಹತ್ತಿರ ಕೂತಿದ್ದನ್ನು ನನಗೆ ಒಮ್ಮೆಯೂ ಹೇಳಲಿಲ್ಲ. ಅದೇ ಹೊಳೆಯ ಪಕ್ಕ ಮನೆ ಮಾಡಿ ಮೂವತ್ತು ವರ್ಷ ಇದ್ದರು. ಕಿಟಕಿ ಮುಚ್ಚಿ ಅನ್ನುತ್ತಿದ್ದರು, ಅಷ್ಟೆ. ಗೊತ್ತಿದ್ದೂ ಹೇಳದೆ ಇದ್ದರೋ, ಅದು ಇದೇ ನೀರು ಎಂದು ಅವರಿಗೂ ಅನ್ನಿಸಲಿಲ್ಲವೋ, ಕೇಳಲು ಅವರು ಈಗ ಇಲ್ಲ.

ಕೊನೆಯ ಸಲ ಹೊಳೆಗೆ ಇಳಿದದ್ದು ಯಾವಾಗ ಎಂದು ಕೇಳಿದೆ. "ನನ್ ಮದುವೆ ಆದ ವರ್ಷ, ಎಪ್ಪತ್ತಾರು. ಆವಾಗಾಗ್ಲೆ ಎಮ್ಮೆ ತೊಳೆಯೋಕೆ ಇಳಿದ್ರೆ ಮೈ ಕಡಿತಿತ್ತು. ಒಂದಿನ ನಿಮ್ಮ ಚಿಕ್ಕಮ್ಮ, ಇನ್ಮೇಲೆ ಹೊಳೆಗೆ ಹೋಗ್ಬೇಡಿ ಅಂದ್ಲು. ಆಯ್ತು, ಬಿಟ್ಟೆ."

ಅವರು ಹೇಳಿದ ಕಾಲಕ್ಕೂ ಒಂದು ಲೆಕ್ಕ ಇದೆ. ಕಾವೇರಿ ಮೊದಲನೆಯ ಹಂತದ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ, ದಿನಕ್ಕೆ 13.5 ಕೋಟಿ ಲೀಟರು. 1982ರಲ್ಲಿ ಅಷ್ಟೇ ಮತ್ತೆ. 1993ರಲ್ಲಿ ಮೂರನೆಯ ಹಂತ, 2002ರಲ್ಲಿ, 2012ರಲ್ಲಿ ನಾಲ್ಕನೆಯದರ ಎರಡು ಭಾಗ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತದ 77.5 ಕೋಟಿ ಲೀಟರು ಸೇರಿ ಒಟ್ಟು ಸಾಮರ್ಥ್ಯ ದಿನಕ್ಕೆ 222.5 ಕೋಟಿ ಲೀಟರು. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂಬುದು ಎಂಜಿನಿಯರುಗಳು ಹಿಡಿಯುವ ಅಂದಾಜು. ನೀರು ತರುವ ಯೋಜನೆಗೆ ಹಂತಗಳಿದ್ದವು, ಪೂಜೆಯಿತ್ತು, ಉದ್ಘಾಟನೆಯಿತ್ತು. ಅದು ಹೊರಗೆ ಹೋಗುವ ದಾರಿ ಮಾತ್ರ ಆಗಲೇ ಇತ್ತು, ಪುಕ್ಕಟೆಯಾಗಿ. ಅದಕ್ಕೇ ಮೋರಿ ಎಂದರೆ ಸತ್ತ ನದಿ ಎಂದು ಯಾರಾದರೂ ಹೇಳಿದರೆ ನನಗೆ ಒಪ್ಪಿಗೆಯಿಲ್ಲ. ಬೇಸಿಗೆಯಲ್ಲಿ ವರ್ತೆಗೆ ಇಳಿಯುತ್ತಿದ್ದ ಹೊಳೆ ಈಗ ವರ್ಷವಿಡೀ ಮೈದುಂಬಿ ಹರಿಯುತ್ತದೆ. ಅದರಲ್ಲಿ ಹರಿಯುತ್ತಿರುವುದು ಬಹುಪಾಲು ಕಾವೇರಿ, ನಮ್ಮ ಮನೆಗಳನ್ನು ಹಾದು ಬಂದ ಕಾವೇರಿ.

ರಾತ್ರಿ ಚಿಕ್ಕಪ್ಪ "ನಾಳೆ ನಾನೂ ಬರ್ತೀನಿ" ಅಂದರು. ತಮ್ಮನಿಗೆ ಫೋನು ಮಾಡಿ ಕಾರು ತರಲು ಹೇಳಿದೆ.

ನಾಲ್ಕನೆಯ ದಿನ: ಬೈರಮಂಗಲ

ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಎಡಕ್ಕೆ ತಿರುಗಿದೆವು. ಬೈರಮಂಗಲ ಇನ್ನೂ ಒಂದು ಮೈಲಿ ಇರುವಾಗಲೇ ತಮ್ಮ ಕಾರಿನ ಗಾಜು ಏರಿಸಿದ. ಚಿಕ್ಕಪ್ಪ ಮತ್ತೆ ಇಳಿಸಿದರು.

ವೃಷಭಾವತಿಗೆ ಅಡ್ಡಲಾಗಿ ಇಲ್ಲಿ ಜಲಾಶಯ ಕಟ್ಟಿದ್ದು 1940ರ ದಶಕದಲ್ಲಿ, ನೀರಾವರಿಗೆಂದು. ಆಗ ಇದು ಮಳೆನೀರಿನ ಕೆರೆ. ಏರಿಯ ಮೇಲೆ ನಿಂತರೆ ನೋಟ ಈಗಲೂ ಚೆಂದವೇ, ವಿಶಾಲವಾದ ನೀರು, ಆಚೆ ತೆಂಗಿನ ತೋಟ, ಬೆಳ್ಳಕ್ಕಿ. ಆದರೆ ನೀರು ಮೇಲಿಂದ ಬೀಳುವ ಕಡೆಗೆ ನಡೆದು ನೋಡಿ. ಆಳೆತ್ತರದ ನೊರೆ. ಬಿಳಿ ನೊರೆಯ ಗುಡ್ಡೆಗಳು ಒಂದರ ಮೇಲೊಂದು ಏರಿ, ಗಾಳಿ ಬಂದಾಗ ಹರಿದು, ದಾರಿಗೆ ಹಾರಿ ಬರುತ್ತವೆ. ನಮ್ಮ ಬಟ್ಟೆ ಸೋಪು, ಪಾತ್ರೆ ಸೋಪು, ಶಾಂಪೂ, ಎಲ್ಲವೂ ಇದರಲ್ಲಿದೆ. ನಿಧಾನ ಹರಿಯುವಾಗ ನೀರಿನಲ್ಲಿ ಅಡಗಿರುವ ಮಾರ್ಜಕ ಎತ್ತರದಿಂದ ಬಿದ್ದು ಗಾಳಿಯ ಜೊತೆ ಕಲಸಿದಾಗ ಹೀಗೆ ಏಳುತ್ತದೆ. ಕಣ್ಣಿಗೆ ಕಾಣದ್ದು ಕೆಳಗಿದೆ. ಲೋಹಕ್ಕೆ ಮೆರುಗು ಕೊಡುವ ಕಾರ್ಖಾನೆಗಳಿಂದ, ಬಣ್ಣದ ಕೆಲಸದಿಂದ ಬರುವ ಕ್ರೋಮಿಯಂ, ನಿಕ್ಕಲ್, ಸತು, ಸೀಸ ಹೂಳಿನಲ್ಲಿ ಕೂರುತ್ತವೆ. ಮನೆಯ ಹೊಲಸನ್ನು ಬ್ಯಾಕ್ಟೀರಿಯಾ ತಿಂದು ಮುಗಿಸಬಲ್ಲದು. ಇವನ್ನು ಯಾವುದೂ ತಿಂದು ಮುಗಿಸುವುದಿಲ್ಲ.

ಕೆಳಗಿನ ಹೊಲಗಳು ಕಣ್ಣು ಕೋರೈಸುವಷ್ಟು ಹಸಿರು. ಬೇಬಿ ಕಾರ್ನ್, ಹಿಪ್ಪುನೇರಳೆ, ಹಸುವಿಗೆ ನೇಪಿಯರ್ ಹುಲ್ಲು. ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬರು ನಮ್ಮನ್ನು ನೋಡಿ ಕುಡುಗೋಲು ಕೆಳಗಿಟ್ಟು ಬಂದರು. ಯಾರಾದರೂ ಅಧಿಕಾರಿಗಳೇ ಇರಬೇಕು ಅಂದುಕೊಂಡಿದ್ದರು. ಅಲ್ಲ ಎಂದು ತಿಳಿದ ಮೇಲೂ ಬದುವಿನ ಮೇಲೆ ಕೂತು ಮಾತಾಡಿದರು.

"ನಾವ್ ಮದ್ವೆಯಾಗಿ ಬಂದಾಗ ಭತ್ತ ಹಾಕ್ತಿದ್ರು ಅಕ್ಕ. ಈ ನೀರಿಗೆ ಭತ್ತ ಆಗಲ್ಲ. ಪೈರು ಎದೆಮಟ್ಟ ಬರ್ತದೆ, ಬರೀ ಗರಿ. ಕಾಳು ಕಟ್ಟಲ್ಲ, ಮಲಗ್ಬಿಡ್ತದೆ. ಅದಕ್ಕೇ ಎಲ್ರೂ ಹುಲ್ಲು, ಜೋಳ. ಗೊಬ್ಬರ ಕಾಸು ಉಳೀತದೆ, ನಿಜ ಹೇಳ್ಬೇಕಲ್ಲ."

ಕೈ ತೋರಿಸಿದರು. ಬೆರಳ ಸಂದಿಯಲ್ಲಿ ಚರ್ಮ ಬಿರುಕು ಬಿಟ್ಟು ಕೆಂಪಗಿತ್ತು. ನೀರು ಕಟ್ಟಿದ ದಿನ ರಾತ್ರಿಯೆಲ್ಲ ನವೆ ಅಂದರು. ಬೋರಿನ ನೀರೂ ವಾಸನೆ, ಕುಡಿಯಲು ಕ್ಯಾನು. ಚಿಕ್ಕಪ್ಪ ಅವರನ್ನು ಕೇಳಿದರು, "ಈ ನೀರ್ನ ಇಲ್ಲಿ ಏನಂತ ಕರೀತೀರವ್ವ? ಹೊಳೆ ಅಂತೀರಾ?"

"ಬೆಂಗ್ಳೂರ್ ನೀರು ಅಂತೀವಿ ಯಜಮಾನ್ರೆ."

ಚಿಕ್ಕಪ್ಪ ಏನೂ ಹೇಳಲಿಲ್ಲ.

ಈ ಕೊಳಚೆ ಕೆರೆಗೆ ಬೀಳದಂತೆ ಪಕ್ಕದಿಂದ ಕಾಲುವೆಯಲ್ಲಿ ಮುಂದಕ್ಕೆ ಸಾಗಿಸುವ ಯೋಜನೆಯೊಂದು ಕೆಲವು ವರ್ಷಗಳಿಂದ ಇದೆ. ಕೆರೆ ಉಳಿಯಬೇಕು ಎಂದು ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು: "ಈ ನೀರ್ನೂ ತಿರುಗಿಸ್ಬಿಟ್ರೆ ನಮ್ ಹೊಲಕ್ಕೆ ಏನ್ ಬಿಡದು? ಒಳ್ಳೇ ನೀರು ಕೊಟ್ಟು ಆಮೇಲೆ ಇದ್ನ ತಗೊಂಡ್ ಹೋಗ್ಲಿ." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊಳೆ ನೀರಿನ ಮೇಲೆ ನಿಂತ ಬದುಕು ಅದು, ಎರಡು ಹಸು, ಮುಕ್ಕಾಲು ಎಕರೆ, ಡೇರಿಗೆ ಹಾಕುವ ಹಾಲು. ಆ ಹಾಲು ಮತ್ತೆ ಯಾವ ಕಡೆ ಹೋಗುತ್ತದೆ ಎಂದು ಯೋಚಿಸಿದೆ. ಬೇಬಿ ಕಾರ್ನ್ ಎಲ್ಲಿಗೆ ಹೋಗುತ್ತದೆ ಎಂದೂ. ಹೊರಡುವಾಗ ಅವರು ಒಂದು ಕಟ್ಟು ಜೋಳದ ತೆನೆ ತಂದು ಕಾರಿನಲ್ಲಿಟ್ಟರು. ಬೇಡ ಅನ್ನಲಾಗಲಿಲ್ಲ.

ಐದನೆಯ ದಿನ: ಕನಕಪುರ ರಸ್ತೆ, ಸಂಗಮ

ಕನಕಪುರ ರಸ್ತೆಯಲ್ಲಿ ತಾತಗುಣಿ, ಹಾರೋಹಳ್ಳಿ ಎಂಬ ಊರುಗಳು ಬರುತ್ತವೆ. ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕದಿಂದ ಬೆಂಗಳೂರಿಗೆ ಹೊರಟ ಕಾವೇರಿಯನ್ನು ಇಲ್ಲೆಲ್ಲ ಪಂಪು ಹಾಕಿ ಮೇಲಕ್ಕೆ ತಳ್ಳುತ್ತಾರೆ. ಸುಮಾರು 100 ಕಿಲೋಮೀಟರು ದೂರ, 500 ಮೀಟರು ಏರು. ಬಲಗಡೆ ಕಣಿವೆಗಳಲ್ಲಿ ಎಲ್ಲೋ ಅದೇ ನೀರು ಬಳಸಿ ಬಿಟ್ಟದ್ದಾಗಿ ಇಳಿಯುತ್ತಿದೆ. ಹತ್ತುವ ನೀರಿಗೆ ಉಕ್ಕಿನ ಕೊಳವೆ, ಕಾವಲು, ಮೀಟರು. ಇಳಿಯುವುದಕ್ಕೆ ಹೊಳೆಯ ಹಾಸು. ತಮ್ಮ ಕಾರು ನಿಲ್ಲಿಸಿ ಕೊಳವೆಯ ಪಕ್ಕ ನಿಂತು ಕೈ ಇಟ್ಟು ನೋಡಿದ. "ಅದುರ್ತಾ ಇದೆ ಅಕ್ಕ" ಅಂದ.

ಕನಕಪುರ ತಾಲ್ಲೂಕಿನಲ್ಲಿ ವೃಷಭಾವತಿ ಅರ್ಕಾವತಿಯನ್ನು ಸೇರುತ್ತಾಳೆ. ನಂದಿ ಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಗೆ ಹೆಸರಘಟ್ಟ ಒಂದು ತಡೆ, 1933ರಿಂದ ತಿಪ್ಪಗೊಂಡನಹಳ್ಳಿ ಇನ್ನೊಂದು. ಬೆಂಗಳೂರು ಮೊದಲು ಕುಡಿದದ್ದು ಅವಳನ್ನೇ. ಮೇಲೆ ಬಡವಾಗಿ ಬಂದ ಅವಳಿಗೆ ಇಲ್ಲಿ ನಮ್ಮ ಹೊಳೆ ತನ್ನಲ್ಲಿರುವುದನ್ನೆಲ್ಲ ಕೊಡುತ್ತಾಳೆ. ಮುಂದೆ ಹಾರೋಬೆಲೆ ಜಲಾಶಯ, ಅದರಾಚೆ ಕಾಡು, ಕಾಡಿನ ಕೊನೆಯಲ್ಲಿ ಸಂಗಮ.

ಮಧ್ಯಾಹ್ನ ಒಂದರ ಹೊತ್ತಿಗೆ ತಲುಪಿದೆವು. ಮೇಕೆದಾಟು ನೋಡಲು ಬಂದವರು ಹರಿಗೋಲಿಗೆ ಸಾಲು ನಿಂತಿದ್ದರು. ಕಾವೇರಿ ಬಂಡೆಗಳ ನಡುವೆ ಅಗಲವಾಗಿ ಬರುತ್ತಿದ್ದಳು, ಮಕ್ಕಳು ಕಿರುಚುತ್ತಾ ನೀರೆರಚಿಕೊಳ್ಳುತ್ತಿದ್ದರು. ಎಡಗಡೆ, ಮರಗಳ ನೆರಳಿನಲ್ಲಿ, ಸದ್ದು ಮಾಡದೆ ಅರ್ಕಾವತಿ ಬಂದು ಸೇರುತ್ತಿದ್ದಳು. ಇಷ್ಟು ದೂರ ಬರುವಷ್ಟರಲ್ಲಿ ನೊರೆ ಇಳಿದಿದೆ, ಕಪ್ಪು ಹೋಗಿದೆ. ಹಸಿರು ಮಿಶ್ರಿತ ಬಣ್ಣ, ಮೂಗಿಟ್ಟರೆ ಮಾತ್ರ ತಿಳಿಯುವ ವಾಸನೆ. ಬಂಡೆ, ಮರಳು, ಗಾಳಿ, ಬಿಸಿಲು ಸೇರಿ ತಮ್ಮ ಕೈಲಾದಷ್ಟು ಮಾಡಿವೆ. ಬೆಂಗಳೂರಿಗೆ ನೀರೆತ್ತುವ ಜಾಗ ಇಲ್ಲಿಂದ ಬಹಳ ಮೇಲೆ, ಶಿವನಸಮುದ್ರದ ಹತ್ತಿರ. ಹಾಗಾಗಿ ನಾವು ಬಿಟ್ಟದ್ದು ತಿರುಗಿ ನಮ್ಮ ನಲ್ಲಿಗೆ ಬರುವುದಿಲ್ಲ. ಅದು ಕೆಳಗೆ ಹೋಗುತ್ತದೆ, ಹೊಗೇನಕಲ್ಲಿಗೆ. ಅಲ್ಲಿಂದ ಧರ್ಮಪುರಿ, ಕೃಷ್ಣಗಿರಿ ಕಡೆಯ ಊರುಗಳಿಗೆ ಕುಡಿಯುವ ನೀರು ಒಯ್ಯುತ್ತಾರೆ.

ಹರಿಗೋಲಿನವನೊಬ್ಬ ನಾವು ನಿಂತ ಕಡೆ ನೋಡಿ ಕೂಗಿದ: "ಅಮ್ಮ, ಆ ಕಡೆ ಇಳೀಬೇಡಿ, ಅದು ಬೆಂಗ್ಳೂರ್ ಕಡೆ ನೀರು. ಸ್ನಾನ ಮಾಡೋರು ಈ ಕಡೆ ಬನ್ನಿ."

ತಮ್ಮ ಕಾವೇರಿಯ ಕಡೆ ನಡೆದ. ನಾನು ಚಿಕ್ಕಪ್ಪನ ಕೈ ಹಿಡಿದು ಆ ಕಡೆ ತಿರುಗಿಸಲು ನೋಡಿದೆ. ಅವರು ಕೈ ಬಿಡಿಸಿಕೊಂಡು ಚಪ್ಪಲಿ ಬಿಟ್ಟರು, ಪಂಚೆ ಎತ್ತಿ ಕಟ್ಟಿದರು.

"ಚಿಕ್ಕಪ್ಪ, ಬೇಡ. ನವೆ ಆಗತ್ತೆ."

"ಆದ್ರೆ ಆಗ್ಲಿ ಬಿಡು. ನಮ್ ಹೊಳೆ ಬರೋದು ಇದ್ರಾಗೆ ಅಲ್ವಾ?"

ಬಂಡೆ ಹಿಡಿದು ಒಂದೊಂದೇ ಹೆಜ್ಜೆ ಇಳಿದರು. ನೀರು ಮೊಣಕಾಲಿಗೆ ಬಂದಾಗ ನಿಂತರು. ಬಹಳ ಹೊತ್ತು ನಿಂತೇ ಇದ್ದರು, ಪ್ರಾರ್ಥನೆ ಏನೂ ಮಾಡಲಿಲ್ಲ, ನೀರು ಕೈಗೆ ತೆಗೆದುಕೊಳ್ಳಲಿಲ್ಲ, ಸುಮ್ಮನೆ ಮೇಲ್ಗಡೆ, ಅವಳು ಬರುವ ದಿಕ್ಕು ನೋಡುತ್ತಿದ್ದರು. ನಾನೂ ಚಪ್ಪಲಿ ಬಿಟ್ಟು ಪಕ್ಕಕ್ಕೆ ಹೋಗಿ ನಿಂತೆ. ತಳದಲ್ಲಿ ಕಾಲಿಗೆ ಮರಳು ಸಿಕ್ಕಿತು.

ಆಮೇಲೆ ಅವರು ಹೆಗಲ ಟವೆಲಿನಲ್ಲಿ ಕಾಲೊರೆಸಿಕೊಂಡು ನನಗೆ ಕೊಟ್ಟರು. ಕತ್ತಲಾಗುವ ಮೊದಲು ಕಾಡು ದಾಟಬೇಕೆಂದು ತಮ್ಮ ಹಾರ್ನ್ ಮಾಡುತ್ತಿದ್ದ.